ನೋವು ಮಂಡಿಯದ್ದೋ ಸೊಂಟದ್ದೋ? ಕೀಲಿನ ಆಪರೇಷನ್‌ಗೆ ಒಪ್ಪುವ ಮುಂಚೆ

ನಾವು ‘ಸೊಂಟ ನೋವು’ ಅಂದರೆ ಬಹುಮಟ್ಟಿಗೆ ನಡು ನೋವು, ಬೆನ್ನುಮೂಳೆಯ ಕೆಳಭಾಗದ್ದು. ಡಾಕ್ಟರು ‘ಹಿಪ್’ ಅನ್ನುವುದು ಬೇರೆ ಜಾಗ. ತೊಡೆಮೂಳೆಯ ದುಂಡನೆಯ ತಲೆ ಸೊಂಟದೆಲುಬಿನ ಬಟ್ಟಲಿನೊಳಗೆ ಕೂತು ತಿರುಗುವ ಕೀಲು ಅದು. ಅದು ಕೆಟ್ಟಾಗ ನೋವು ಹೆಚ್ಚಾಗಿ ಕಾಣಿಸುವುದು ತೊಡೆಸಂದಿನಲ್ಲಿ, ಕಿಬ್ಬೊಟ್ಟೆಗೂ ತೊಡೆಗೂ ನಡುವಿನ ಮಡಿಕೆಯಲ್ಲಿ. ಈ ಒಂದು ಪದದ ಗೊಂದಲದಿಂದ ಹಿಪ್ ಕೀಲು ಸವೆದವರು ತಿಂಗಳುಗಟ್ಟಲೆ ಬೆನ್ನಿಗೆ ಬೆಲ್ಟ್ ಕಟ್ಟಿಕೊಂಡು ಓಡಾಡುವುದುಂಟು. ಡಾಕ್ಟರ ಮುಂದೆ ಕೂತಾಗ ಪದ ಬಿಟ್ಟುಬಿಡಿ, ನೋವು ಇರುವ ಜಾಗವನ್ನು ಒಂದು ಬೆರಳಿಟ್ಟು ತೋರಿಸಿ.

ಬೆರಳು ತೊಡೆಸಂದಿಗೆ ಹೋದರೆ ಹಿಪ್ ಕೀಲಿನ ಅನುಮಾನ ಮೊದಲು. ಪೃಷ್ಠದಿಂದ ಶುರುವಾಗಿ ತೊಡೆಯ ಹಿಂಭಾಗದಲ್ಲಿ ಮೀನಖಂಡದವರೆಗೆ ಜೋಮಿನ ಹಾಗೆ ಇಳಿದರೆ ಬೆನ್ನಿನ ನರ. ತೊಡೆಯ ಹೊರಮಗ್ಗುಲಿನ ಉಬ್ಬು ಮೂಳೆ ಮೇಲೆ, ಆ ಮಗ್ಗುಲಿಗೆ ಮಲಗಿದಾಗ ಚುಚ್ಚಿದರೆ ಸ್ನಾಯುಗಳು ಮೂಳೆಗೆ ಅಂಟಿಕೊಂಡ ಜಾಗದ ತೊಂದರೆ. ಇದಕ್ಕೆ ವ್ಯಾಯಾಮವೇ ಮದ್ದು, ಆಪರೇಷನ್ ತೀರಾ ಅಪರೂಪ. ಮಂಡಿಯ ಒಳಮಗ್ಗುಲಲ್ಲಿ ನಡೆದಾಗ ಹೆಚ್ಚುವ ನೋವು ಸವೆತದ್ದು. ಮೆಟ್ಟಿಲು ಇಳಿಯುವಾಗ, ಬಹಳ ಹೊತ್ತು ಕೂತು ಏಳುವಾಗ ಮುಂಭಾಗದಲ್ಲಿ ಬರುವುದು ಚಿಪ್ಪಿನ ಹಿಂದಿನದು.

ಇಲ್ಲಿ ಒಂದು ಮೋಸವಿದೆ. ಹಿಪ್ ಕೀಲಿಗೂ ಮಂಡಿಗೂ ಹೋಗುವ ನರಗಳಲ್ಲಿ ಕೆಲವು ಒಂದೇ. ಹಾಗಾಗಿ ಹಿಪ್ ಕೆಟ್ಟಿದ್ದರೂ ಕೆಲವರಿಗೆ ನೋವು ಮಂಡಿಯಲ್ಲೇ ಬರುತ್ತದೆ. ಮಂಡಿಯ ಎಕ್ಸ್-ರೇ ಚೆನ್ನಾಗಿದೆ, ನೋವು ಮಾತ್ರ ತಡೆಯಲಾಗುತ್ತಿಲ್ಲ ಅಂದಾಗ ಹಿಪ್ ನೋಡಲೇಬೇಕು. ಮನೆಯಲ್ಲೇ ಒಂದು ಪರೀಕ್ಷೆ ಮಾಡಿಕೊಳ್ಳಬಹುದು: ಅಂಗಾತ ಮಲಗಿ, ನೋಯುವ ಕಾಲನ್ನು ಹಿಪ್‌ನಲ್ಲೂ ಮಂಡಿಯಲ್ಲೂ ಲಂಬವಾಗಿ ಮಡಚಿ. ಮಂಡಿ ಅಲ್ಲಾಡದಂತೆ ಹಿಡಿದುಕೊಂಡು ಪಾದವನ್ನು ಹೊರಗಡೆಗೆ ತಿರುಗಿಸಲು ಇನ್ನೊಬ್ಬರಿಗೆ ಹೇಳಿ. ತೊಡೆಸಂದಿನಲ್ಲಿ ನೋವು ಬಂದರೆ, ಅಥವಾ ಇನ್ನೊಂದು ಕಾಲಿಗಿಂತ ಕಡಿಮೆ ತಿರುಗಿದರೆ, ತೊಂದರೆ ಹಿಪ್‌ನಲ್ಲಿರುವ ಸಾಧ್ಯತೆ ಹೆಚ್ಚು. ಸಾಕ್ಸ್ ಹಾಕಿಕೊಳ್ಳಲು, ಕಾಲಿನ ಉಗುರು ಕತ್ತರಿಸಲು ಆಗದಿರುವುದೂ ಹಿಪ್‌ನದೇ ಲಕ್ಷಣ.

ಸವೆಯುವುದು ಏನು?

‘ಗ್ರೀಸ್ ಒಣಗಿದೆ’ ಅನ್ನುವ ಮಾತು ಬೆಂಗಳೂರಿನ ಎಲ್ಲ ಬಡಾವಣೆಗಳಲ್ಲೂ ಚಾಲ್ತಿಯಲ್ಲಿದೆ. ಒಣಗುವುದು ಗ್ರೀಸ್ ಅಲ್ಲ. ಮೂಳೆಯ ತುದಿಗೆ ಕೆಲವೇ ಮಿಲಿಮೀಟರ್ ದಪ್ಪದ, ಬೆಳ್ಳಗೆ ನುಣುಪಾದ ಮೃದ್ವಸ್ಥಿಯ ಪದರ ಇರುತ್ತದೆ, ಸವೆಯುವುದು ಅದು. ಅದಕ್ಕೆ ರಕ್ತನಾಳವಿಲ್ಲ, ಆದ್ದರಿಂದ ಚರ್ಮದ ಹಾಗೆ ತಾನಾಗಿ ಮಾಯುವುದಿಲ್ಲ. ನರವೂ ಇಲ್ಲ, ಆದ್ದರಿಂದ ಸವೆತ ಶುರುವಾದಾಗ ಗೊತ್ತಾಗುವುದೂ ಇಲ್ಲ. ನೋವು ಬರುವುದು ಅದರ ಅಡಿಯ ಮೂಳೆಯಿಂದ ಮತ್ತು ಕೀಲಿನ ಒಳಪೊರೆ ಊದಿಕೊಂಡಾಗ. ನಮ್ಮವರಲ್ಲಿ ಮಂಡಿಯ ಒಳಮಗ್ಗುಲು ಮೊದಲು ಸವೆಯುವುದು ಹೆಚ್ಚು. ಅಲ್ಲಿ ಸವೆದಂತೆ ಕಾಲು ಬಿಲ್ಲಿನ ಹಾಗೆ ಹೊರಕ್ಕೆ ಬಾಗುತ್ತದೆ, ಬಾಗಿದಷ್ಟೂ ಭಾರ ಅದೇ ಮಗ್ಗುಲಿಗೆ ಬೀಳುತ್ತದೆ, ಸವೆತ ಇನ್ನೂ ಬೇಗ ಆಗುತ್ತದೆ. ರಾಗಿ, ಹಾಲು, ಕ್ಯಾಲ್ಸಿಯಂ ಮಾತ್ರೆ ಮೂಳೆಗೆ ಒಳ್ಳೆಯದು, ಸರಿ. ಹೋದ ಮೃದ್ವಸ್ಥಿಯನ್ನು ಅವು ತರುವುದಿಲ್ಲ.

ಎಲ್ಲ ಕೀಲುನೋವೂ ಸವೆತವಲ್ಲ. ಬೆಳಗ್ಗೆ ಎದ್ದ ಮೇಲೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಬಿಗಿತ ಇದ್ದು, ಬೆರಳಿನ ಗೆಣ್ಣುಗಳೂ ಊದಿದ್ದರೆ ಅದು ಆಮವಾತ ಇರಬಹುದು, ನೋಡಬೇಕಾದವರು ರುಮಟಾಲಜಿಸ್ಟ್. ಸವೆತದ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ. ಜ್ವರದ ಜೊತೆ ಒಂದೇ ಕೀಲು ಕೆಂಪಗೆ ಬಿಸಿಯಾಗಿ ಊದಿದ್ದರೆ ಕೀವಿನ ಅನುಮಾನ, ಅವತ್ತೇ ಆಸ್ಪತ್ರೆಗೆ ಹೋಗಬೇಕು. ಇನ್ನು 30-45ರ ವಯಸ್ಸಿನವರ ತೊಡೆಸಂದಿನ ನೋವಿನ ಬಗ್ಗೆ ಸ್ವಲ್ಪ ಒತ್ತಿ ಹೇಳಬೇಕು. ತೊಡೆಮೂಳೆಯ ತಲೆಗೆ ರಕ್ತ ಹೋಗುವುದು ನಿಂತು ಅಲ್ಲಿನ ಮೂಳೆ ಸಾಯುವ ಕಾಯಿಲೆಯೊಂದಿದೆ, ಎವಿಎನ್ ಅನ್ನುತ್ತಾರೆ. ಹೆಚ್ಚು ಸ್ಟೀರಾಯ್ಡ್ ತೆಗೆದುಕೊಂಡವರಲ್ಲಿ, ಹೆಚ್ಚು ಕುಡಿಯುವವರಲ್ಲಿ, ಹಿಪ್ ಬಳಿ ಮೂಳೆ ಮುರಿದವರಲ್ಲಿ ಇದು ಬರುತ್ತದೆ. ಕೆಲವರಲ್ಲಿ ಕಾರಣವೇ ಸಿಗುವುದಿಲ್ಲ. ಶುರುವಿನಲ್ಲಿ ಎಕ್ಸ್-ರೇ ಪೂರ್ತಿ ಸರಿಯಾಗಿರುತ್ತದೆ, ಎಂಆರ್‌ಐನಲ್ಲಿ ಮಾತ್ರ ಕಾಣುತ್ತದೆ. ಮೂಳೆಯ ತಲೆ ಕುಸಿಯುವ ಮುಂಚೆ ಸಿಕ್ಕರೆ ರಂಧ್ರ ಕೊರೆದು ಒಳಗಿನ ಒತ್ತಡ ಇಳಿಸುವ ಸಣ್ಣ ಆಪರೇಷನ್‌ನಿಂದ ಕೀಲು ಉಳಿಸಿಕೊಳ್ಳುವ ಅವಕಾಶವಿದೆ. ಕುಸಿದ ಮೇಲೆ ಆ ಅವಕಾಶ ಹೋಯಿತು.

ಮಂಡಿಯ ಎಕ್ಸ್-ರೇ ನಿಂತುಕೊಂಡು ತೆಗೆಸಬೇಕು. ಮಲಗಿಸಿ ತೆಗೆದರೆ ಭಾರ ಬೀಳದೆ ಮೂಳೆಗಳ ನಡುವೆ ಗ್ಯಾಪ್ ಚೆನ್ನಾಗಿರುವಂತೆ ಕಾಣುತ್ತದೆ. ಅದೇ ಮಂಡಿ ನಿಂತಾಗ ಮೂಳೆಗೆ ಮೂಳೆ ತಾಗಿರಬಹುದು. ಚೀಟಿಯಲ್ಲಿ ‘ನಿಂತು, ಎರಡೂ ಮಂಡಿ’ ಎಂದು ಬರೆಸಿಕೊಳ್ಳಿ. ಗ್ಯಾಪ್ ಹೋಗಿರುವುದು ಎಕ್ಸ್-ರೇಯಲ್ಲೇ ಕಾಣುವ 65ರ ಅಜ್ಜಿಗೆ ಎಂಆರ್‌ಐ ದಂಡ. ಆ ವಯಸ್ಸಿನ ಸವೆದ ಮಂಡಿಗಳಲ್ಲಿ ಹೆಚ್ಚಿನವಕ್ಕೆ ‘ಮೆನಿಸ್ಕಸ್ (ಮಂಡಿಯೊಳಗಿನ ಮೆತ್ತೆ) ಹರಿದಿದೆ’ ಎಂದೇ ವರದಿ ಬರುತ್ತದೆ, ಅದನ್ನು ನೋಡಿ ಗಾಬರಿಯಾಗಿ ದೂರ್ಬೀನು ಆಪರೇಷನ್‌ಗೆ ಒಪ್ಪಿಕೊಂಡುಬಿಡುತ್ತಾರೆ.

ಎಕ್ಸ್-ರೇಯಲ್ಲಿ ಸವೆತಕ್ಕೆ 1ರಿಂದ 4ರವರೆಗೆ ಗ್ರೇಡ್ ಕೊಡುತ್ತಾರೆ. ಗ್ರೇಡ್ 4 ಇದ್ದೂ ದಿನಾ ಲಾಲ್‌ಬಾಗ್ ಸುತ್ತುವವರು ಇದ್ದಾರೆ, ಗ್ರೇಡ್ 2ಕ್ಕೇ ಮನೆಯಿಂದ ಹೊರಬರದವರೂ ಇದ್ದಾರೆ. ಫಿಲ್ಮ್ ನೋಡಿ ಮಾತ್ರ ಆಪರೇಷನ್ ದಿನ ಗೊತ್ತು ಮಾಡುವವರ ಹತ್ತಿರ ಎರಡನೇ ಅಭಿಪ್ರಾಯ ಇಲ್ಲದೆ ಒಪ್ಪಿಕೊಳ್ಳಬೇಡಿ. ಕೇಳಿಕೊಳ್ಳಬೇಕಾದ್ದು ಬೇರೆ: ರಾತ್ರಿ ನೋವಿಗೆ ಎಚ್ಚರವಾಗುತ್ತದೆಯೇ, ಅರ್ಧ ಕಿಲೋಮೀಟರ್ ನಡೆಯಲು ಆಗುತ್ತದೆಯೇ, ನೋವಿನ ಮಾತ್ರೆ ದಿನವೂ ಬೇಕೇ, ಮೂರು ತಿಂಗಳು ಸರಿಯಾಗಿ ವ್ಯಾಯಾಮ ಮಾಡಿ ನೋಡಿದ್ದಾಗಿದೆಯೇ.

ಆಪರೇಷನ್‌ಗೆ ಮುಂಚಿನ ಮೂರು ತಿಂಗಳು

‘ಸರಿಯಾಗಿ ವ್ಯಾಯಾಮ’ ಅಂದರೆ ಏನು ಅನ್ನುವುದರಲ್ಲೇ ಬಹಳ ಜನ ಎಡವುತ್ತಾರೆ. ಅಂಗಾತ ಮಲಗಿ, ಒಳ್ಳೆಯ ಕಾಲನ್ನು ಮಡಚಿ ಇಟ್ಟುಕೊಳ್ಳಿ. ನೋಯುವ ಕಾಲಿನ ತೊಡೆಯ ಮುಂಭಾಗವನ್ನು ಮೊದಲು ಬಿಗಿ ಮಾಡಿ. ಚಿಪ್ಪು ತೊಡೆಯ ಕಡೆಗೆ ಜರುಗುವುದು ಕಣ್ಣಿಗೆ ಕಾಣಬೇಕು. ಆ ಬಿಗಿ ಬಿಡದೆ, ಮಂಡಿ ಮಡಚದೆ, ಹಿಮ್ಮಡಿಯನ್ನು ಒಂದು ಅಡಿ ಎತ್ತಿ ಐದು ಎಣಿಸಿ, ನಿಧಾನಕ್ಕೆ ಇಳಿಸಿ. ಹತ್ತು ಸಲಕ್ಕೆ ಒಂದು ಸುತ್ತು, ಮೂರು ಸುತ್ತು, ದಿನಕ್ಕೆ ಎರಡು ಹೊತ್ತು. ಕಾಲನ್ನು ಬೀಸಿ ಎತ್ತುವುದು, ಉಸಿರು ಬಿಗಿ ಹಿಡಿಯುವುದು, ಇಳಿಸುವಾಗ ದೊಪ್ಪನೆ ಬಿಡುವುದು, ಈ ಮೂರೇ ಸಾಮಾನ್ಯ ತಪ್ಪುಗಳು. ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು ಅದನ್ನು ಒತ್ತುವುದು, ಮಗ್ಗುಲಾಗಿ ಮಲಗಿ ಮೇಲಿನ ಕಾಲು ಎತ್ತುವುದು, ಕೈಯೂರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದು, ಇವನ್ನೂ ಸೇರಿಸಿ. ಸ್ನಾಯು ಬಲ ಬರಲು ಆರರಿಂದ ಎಂಟು ವಾರ ಬೇಕು. ಎರಡನೇ ವಾರಕ್ಕೇ ‘ಏನೂ ಗುಣವಿಲ್ಲ’ ಎಂದು ಬಿಡುವವರೇ ಜಾಸ್ತಿ. ವ್ಯಾಯಾಮದಿಂದ ಹೆಚ್ಚಾದ ನೋವು ಮರುದಿನದೊಳಗೆ ಮೊದಲಿನ ಮಟ್ಟಕ್ಕೆ ಬಂದರೆ ಭಯವಿಲ್ಲ, ಬರದಿದ್ದರೆ ಸುತ್ತು ಕಡಿಮೆ ಮಾಡಿ.

ತೂಕದ ಲೆಕ್ಕ ಉತ್ಸಾಹ ತರುವಂಥದ್ದು. ಒಂದು ಕಿಲೋ ಇಳಿಸಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ಊರುಗೋಲನ್ನು ನೋಯುವ ಕಾಲಿನ ವಿರುದ್ಧ ಕೈಯಲ್ಲಿ ಹಿಡಿಯಬೇಕು. ಅದೇ ಕಡೆ ಹಿಡಿದರೆ ಹೊರೆ ಅಷ್ಟಾಗಿ ಇಳಿಯುವುದಿಲ್ಲ.

ಔಷಧಗಳಲ್ಲಿ ಮೊದಲು ಹಚ್ಚುವ ಡೈಕ್ಲೋಫೆನಾಕ್ ಜೆಲ್. ನುಂಗುವ ನೋವಿನ ಮಾತ್ರೆ ಬಿಪಿ, ಶುಗರ್, ಕಿಡ್ನಿ ತೊಂದರೆ ಇರುವವರಿಗೆ ಅಪಾಯ. ಮೆಡಿಕಲ್ ಶಾಪಿನಲ್ಲಿ ಕೇಳಿ ತಿಂಗಳುಗಟ್ಟಲೆ ನುಂಗುವುದನ್ನು ನಿಲ್ಲಿಸಲೇಬೇಕು. ಕೀಲಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರೆ ಕೆಲವು ವಾರ ಹಾಯಾಗಿರುತ್ತದೆ. ಮನೆಯಲ್ಲಿ ಮದುವೆ ಇದೆ, ಯಾತ್ರೆ ಇದೆ ಅಂದರೆ ತಪ್ಪೇನಿಲ್ಲ. ಸಕ್ಕರೆ ಕಾಯಿಲೆಯವರಿಗೆ ಕೆಲವು ದಿನ ಶುಗರ್ ಏರುತ್ತದೆ. ಇಂಜೆಕ್ಷನ್ ಆಗಿ ಮೂರು ತಿಂಗಳೊಳಗೆ ಕೀಲು ಬದಲಿ ಮಾಡಿಸಬಾರದು, ಸೋಂಕಿನ ಸಾಧ್ಯತೆ ಹೆಚ್ಚುತ್ತದೆ. ಕೀಲು ನುಣುಪಾಗಿ ಜಾರಲೆಂದು ಕೊಡುವ ‘ಜೆಲ್’ ಇಂಜೆಕ್ಷನ್ನಿಗೆ ಪುರಾವೆ ದುರ್ಬಲ. ಪಿಆರ್‌ಪಿ, ಅಂದರೆ ನಿಮ್ಮದೇ ರಕ್ತದಿಂದ ತೆಗೆದ ಪ್ಲೇಟ್‌ಲೆಟ್ ದ್ರವದ ಇಂಜೆಕ್ಷನ್, ಕೆಲವರಿಗೆ ಕೆಲಸ ಮಾಡುತ್ತದೆ, ಕೆಲವರಿಗಿಲ್ಲ. ಸ್ಟೆಮ್ ಸೆಲ್‌ನಿಂದ ಮೃದ್ವಸ್ಥಿ ಮತ್ತೆ ಬೆಳೆಯುತ್ತದೆ ಎಂದು ಲಕ್ಷಗಟ್ಟಲೆ ಕೇಳಿದರೆ ಎದ್ದು ಬನ್ನಿ.

ಯಾವ ಆಪರೇಷನ್ ಯಾರಿಗೆ

ದೂರ್ಬೀನು ಹಾಕಿ ಮಂಡಿ ತೊಳೆಯುವುದು ಬರೀ ಸವೆತಕ್ಕೆ ಉಪಯೋಗವಿಲ್ಲ. 2002ರಲ್ಲಿ ಅಮೆರಿಕದಲ್ಲಿ 180 ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಕೆಲವರಿಗೆ ನಿಜವಾದ ಆಪರೇಷನ್, ಕೆಲವರಿಗೆ ಚರ್ಮಕ್ಕೆ ಗಾಯ ಮಾತ್ರ ಮಾಡಿ ಹೊಲಿದರು. ನೋವು ಇಳಿದದ್ದು ಎರಡೂ ಕಡೆ ಒಂದೇ. ಆಟದಲ್ಲಿ ಲಿಗಮೆಂಟ್ (ಮೂಳೆಗಳನ್ನು ಕಟ್ಟಿಹಿಡಿಯುವ ಪಟ್ಟಿ) ಹರಿದುಕೊಂಡ ಹುಡುಗರಿಗೆ, ಮಂಡಿ ಅರ್ಧಕ್ಕೇ ಸಿಕ್ಕಿಕೊಂಡು ಬಿಡಿಸಿಕೊಳ್ಳಲಾಗದವರಿಗೆ ಅದೇ ದೂರ್ಬೀನು ಬಹಳ ಒಳ್ಳೆಯದು.

45-55ರ ವಯಸ್ಸು, ಸವೆತ ಒಳಮಗ್ಗುಲಿಗೆ ಮಾತ್ರ, ಕಾಲು ಬಾಗಿದೆ, ದುಡಿಯುವ ಮೈ ಅಂದರೆ ಕಾಲು ನೆಟ್ಟಗೆ ಮಾಡುವ ಆಸ್ಟಿಯಾಟಮಿಯನ್ನು ಯೋಚಿಸಬೇಕು. ಮಂಡಿಯ ಸ್ವಲ್ಪ ಕೆಳಗೆ ಮೂಳೆಯನ್ನು ಕೊಯ್ದು, ಬೆಣೆಯಾಕಾರದಲ್ಲಿ ಬಿಡಿಸಿ, ಪ್ಲೇಟು ಹಾಕುತ್ತಾರೆ. ಭಾರ ಸವೆದ ಮಗ್ಗುಲಿನಿಂದ ಚೆನ್ನಾಗಿರುವ ಮಗ್ಗುಲಿಗೆ ಸರಿಯುತ್ತದೆ. ಮೂಳೆ ಕೂಡಲು ಸುಮಾರು ಮೂರು ತಿಂಗಳು ಹಿಡಿಯುತ್ತದೆ, ಆದರೆ ಕೀಲು ನಿಮ್ಮದೇ ಉಳಿಯುತ್ತದೆ. ಆಮೇಲೆ ನೆಲಕ್ಕೆ ಕೂರಲೂ ಅಡ್ಡಿಯಿಲ್ಲ. ನಮ್ಮ ಅಭಿಪ್ರಾಯದಲ್ಲಿ ಇದನ್ನು ಜನರಿಗೆ ಸಾಕಷ್ಟು ಹೇಳುತ್ತಿಲ್ಲ. ಒಂದೇ ಮಗ್ಗುಲು ಸವೆದು, ಲಿಗಮೆಂಟುಗಳು ಗಟ್ಟಿಯಿರುವ ಹಿರಿಯರಿಗೆ ಆ ಮಗ್ಗುಲನ್ನಷ್ಟೇ ಬದಲಿಸುವ ಭಾಗಶಃ ಬದಲಿ ಇದೆ. ಚೇತರಿಕೆ ಬೇಗ, ಆದರೆ ಮುಂದೆ ಪೂರ್ತಿ ಬದಲಿ ಬೇಕಾಗುವ ಸಾಧ್ಯತೆ ಸ್ವಲ್ಪ ಹೆಚ್ಚು.

ಪೂರ್ತಿ ಮಂಡಿ ಬದಲಿ ಭಾರತದಲ್ಲಿ ಮನೆಮಾತಾದದ್ದರಲ್ಲಿ ಅಂದಿನ ಪ್ರಧಾನಿ ವಾಜಪೇಯಿ ಅವರ ಪಾಲಿದೆ; 2000ದಲ್ಲಿ ಒಂದು ಮಂಡಿ, 2001ರಲ್ಲಿ ಇನ್ನೊಂದು ಮುಂಬೈಯಲ್ಲಿ ಬದಲಾಯಿತು. ಹೆಸರು ಬದಲಿ ಅಂತಿದ್ದರೂ ಮಂಡಿಯನ್ನು ತೆಗೆದು ಎಸೆಯುವುದಿಲ್ಲ. ತೊಡೆಮೂಳೆಯ ತುದಿಯಿಂದ, ಕಣಕಾಲ ಮೂಳೆಯ ತಲೆಯಿಂದ ಸುಮಾರು 8-10 ಮಿಲಿಮೀಟರ್ ಹೆರೆದು ಕವಚ ತೊಡಿಸುತ್ತಾರೆ. ಮೇಲೆ ಕೋಬಾಲ್ಟ್-ಕ್ರೋಮಿಯಂ ಕವಚ, ಕೆಳಗೆ ಲೋಹದ ತಟ್ಟೆ, ನಡುವೆ ಗಟ್ಟಿ ಪಾಲಿಎಥಿಲೀನ್ ಪ್ಲಾಸ್ಟಿಕ್, ಬೇಕಿದ್ದರೆ ಚಿಪ್ಪಿನ ಹಿಂದೆ ಒಂದು ಪ್ಲಾಸ್ಟಿಕ್ ಗುಂಡಿ. ಇವುಗಳನ್ನು ಕೂಡಿಸುವ ಸಿಮೆಂಟ್ ಪುಡಿ ಮತ್ತು ದ್ರವವಾಗಿ ಬರುತ್ತದೆ. ಕಲಸಿದಾಗ ಮೊದಲು ಅಂಟು, ಆಮೇಲೆ ಚಪಾತಿ ಹಿಟ್ಟಿನ ಹದ. ಆ ಹದದಲ್ಲೇ ಮೂಳೆಯ ರಂಧ್ರಗಳಿಗೆ ಒತ್ತಬೇಕು. ಕವಚ ಕೂರಿಸಿ ಕಾಲನ್ನು ನೆಟ್ಟಗೆ ಒತ್ತಿ ಹಿಡಿದು ಕಾಯುವಾಗ ಸಿಮೆಂಟ್ ಬಿಸಿಯಾಗಿ ಹತ್ತು-ಹನ್ನೆರಡು ನಿಮಿಷದಲ್ಲಿ ಕಲ್ಲಾಗುತ್ತದೆ. ಅಂಚಿನಲ್ಲಿ ಒಸರಿದ್ದನ್ನು ಅಷ್ಟರೊಳಗೆ ಕೆರೆದು ತೆಗೆಯಬೇಕು. ಹಿಂಭಾಗದಲ್ಲಿ ಒಂದು ಚೂರು ಉಳಿದರೂ ಅದು ಮುಂದೆ ಪ್ಲಾಸ್ಟಿಕ್ಕನ್ನು ಅರೆಯುತ್ತದೆ.

ಕೈಚಳಕ ಇರುವುದು ಇದರಲ್ಲಿ ಮಾತ್ರವಲ್ಲ, ಹೊಂದಾಣಿಕೆಯಲ್ಲಿ. ಕಾಲು ನೆಟ್ಟಗಿದ್ದಾಗಲೂ ಲಂಬವಾಗಿ ಮಡಚಿದಾಗಲೂ ಎರಡು ಮೂಳೆಗಳ ನಡುವಿನ ಬಿಗಿ ಒಂದೇ ಸಮ ಇರಬೇಕು. ಮಡಚಿದಾಗ ಬಿಗಿಯಾದರೆ ಮಂಡಿ ಬಗ್ಗುವುದಿಲ್ಲ, ಸಡಿಲವಾದರೆ ಮೆಟ್ಟಿಲು ಇಳಿಯುವಾಗ ಕಾಲು ಜಾರಿದಂತಾಗುತ್ತದೆ. ರೋಬೋಟ್ ಕೊಯ್ತವನ್ನು ಹೆಚ್ಚು ನಿಖರ ಮಾಡುತ್ತದೆ, ನಿಜ. ಹತ್ತಾರು ವರ್ಷ ಕಳೆದ ಮೇಲೆ ಮಂಡಿ ಹೆಚ್ಚು ಬಾಳುತ್ತದೆ ಎಂಬುದು ಇನ್ನೂ ಸಾಬೀತಾಗಿಲ್ಲ. ಚಿನ್ನದ ಬಣ್ಣದ ಲೇಪನದ ಮಂಡಿಯೂ ಹಾಗೆಯೇ: ಲೋಹದ ಅಲರ್ಜಿ ಇರುವವರಿಗೆ ಅರ್ಥವಿದೆ, ಎಲ್ಲರಿಗೂ ಹೆಚ್ಚು ವರ್ಷ ಬರುತ್ತದೆ ಅನ್ನಲು ಆಧಾರವಿಲ್ಲ. ರಸ್ತೆ ಬದಿಯ ಹೋರ್ಡಿಂಗ್ ಬಿಟ್ಟು, ಸರ್ಜನ್ ವರ್ಷಕ್ಕೆ ಎಷ್ಟು ಮಾಡುತ್ತಾರೆ, ಸೋಂಕಾದರೆ ಮುಂದಿನ ಆಪರೇಷನ್ ಅವರೇ ಮಾಡುತ್ತಾರೆಯೇ ಎಂದು ಕೇಳಿ.

ಎಷ್ಟು ವರ್ಷ? 2019ರಲ್ಲಿ ಪ್ರಕಟವಾದ ದೊಡ್ಡ ವಿಶ್ಲೇಷಣೆಗಳ ಪ್ರಕಾರ ಪೂರ್ತಿ ಮಂಡಿ ಬದಲಿಗಳಲ್ಲಿ ಸುಮಾರು 82%, ಹಿಪ್ ಬದಲಿಗಳಲ್ಲಿ ಸುಮಾರು 58% ಇಪ್ಪತ್ತೈದು ವರ್ಷ ಬಾಳಿವೆ. ಅವು ಹಳೆಯ ಕಾಲದ ಪ್ಲಾಸ್ಟಿಕ್. ಈಗಿನದು ಹೆಚ್ಚು ಸವೆತ ತಡೆಯುತ್ತದೆ. ಮಂಡಿ ಬದಲಿಸಿಕೊಂಡ ಐವರಲ್ಲಿ ಸುಮಾರು ಒಬ್ಬರಿಗೆ ಪೂರ್ತಿ ತೃಪ್ತಿ ಇರುವುದಿಲ್ಲ ಎಂಬುದನ್ನೂ ತಿಳಿದೇ ಒಪ್ಪಿಕೊಳ್ಳಿ. ನೆಲದ ಮೇಲೆ ಚಕ್ಕಳಮಕ್ಕಳ, ಕುಕ್ಕರುಗಾಲು, ಇಂಡಿಯನ್ ಕಕ್ಕಸು ಬಿಡಬೇಕಾಗುತ್ತದೆ. ಮಂಡಿ ಎಷ್ಟು ಬಗ್ಗುತ್ತದೆ ಅನ್ನುವುದು ಇಂಪ್ಲಾಂಟ್‌ನ (ಒಳಗೆ ಹಾಕುವ ಕೃತಕ ಕೀಲಿನ) ಬೆಲೆಗಿಂತ ಆಪರೇಷನ್‌ಗೆ ಮುಂಚೆ ಎಷ್ಟು ಬಗ್ಗುತ್ತಿತ್ತು ಎಂಬುದರ ಮೇಲೆ ನಿಂತಿದೆ.

ಹಿಪ್ ಬದಲಿಯಲ್ಲಿ ಬಟ್ಟಲನ್ನು ಉಜ್ಜಿ ಲೋಹದ ಬಟ್ಟಲು, ಅದರೊಳಗೆ ಪ್ಲಾಸ್ಟಿಕ್ ಅಥವಾ ಸೆರಾಮಿಕ್ ಒಳಪದರ, ತೊಡೆಮೂಳೆಯೊಳಗೆ ಕಡ್ಡಿ, ಅದರ ತುದಿಗೆ ಸಾಮಾನ್ಯವಾಗಿ 28, 32 ಅಥವಾ 36 ಮಿಲಿಮೀಟರ್ ಚೆಂಡು. ಇದರ ಇಂದಿನ ರೂಪಕ್ಕೆ ಬುನಾದಿ ಹಾಕಿದ್ದು 1962ರಲ್ಲಿ ಇಂಗ್ಲೆಂಡಿನ ಜಾನ್ ಚಾರ್ನ್‌ಲಿ. ಕಾಡುವ ತೊಂದರೆ ಎರಡು: ಚೆಂಡು ಬಟ್ಟಲಿನಿಂದ ಜಾರುವುದು, ಕಾಲಿನ ಉದ್ದ ಹೆಚ್ಚುಕಮ್ಮಿ ಆಗುವುದು. ಹಿಂಬದಿಯಿಂದ ಆಪರೇಷನ್ ಮಾಡಿದ್ದರೆ ಮೊದಲ ಆರು ವಾರವಾದರೂ ಹಿಪ್ ಲಂಬಕ್ಕಿಂತ ಹೆಚ್ಚು ಬಗ್ಗಿಸಬಾರದು, ಕಾಲ ಮೇಲೆ ಕಾಲು ಹಾಕಬಾರದು, ಪಾದ ಒಳಕ್ಕೆ ತಿರುಗಿಸಬಾರದು.

ವಯಸ್ಸಾದವರು ಬಚ್ಚಲಲ್ಲಿ ಜಾರಿ ಬಿದ್ದು, ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿದ್ದರೆ ಅದು ಹಿಪ್ ಬಳಿ ಮೂಳೆ ಮುರಿತ. ಎಣ್ಣೆ ತಿಕ್ಕುವುದು, ಕಟ್ಟು ಹಾಕಿಸುವುದು ಬೇಡ. ಒಂದೆರಡು ದಿನದೊಳಗೆ ಆಪರೇಷನ್ ಆಗಬೇಕು. ಹಾಸಿಗೆಯಲ್ಲಿ ಮಲಗಿದಷ್ಟೂ ಶ್ವಾಸಕೋಶದ ಸೋಂಕು, ಹಾಸಿಗೆ ಹುಣ್ಣು ಜೀವಕ್ಕೇ ಬರುತ್ತವೆ.

ದುಡ್ಡು, ಸಿದ್ಧತೆ, ಮನೆ

ಮಂಡಿ ಇಂಪ್ಲಾಂಟ್ ಬೆಲೆಗೆ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ 2017ರ ಆಗಸ್ಟ್‌ನಲ್ಲಿ ಮಿತಿ ಹಾಕಿತು. ಸಾಮಾನ್ಯ ಕೋಬಾಲ್ಟ್-ಕ್ರೋಮಿಯಂ ಮಂಡಿಗೆ ಆಗ ನಿಗದಿಯಾದದ್ದು ಜಿಎಸ್‌ಟಿ ಬಿಟ್ಟು 54,720 ರೂಪಾಯಿ. ಆ ಆದೇಶ ಮಂಡಿಗೆ ಮಾತ್ರ, ಹಿಪ್‌ಗಲ್ಲ. ಬಿಲ್ಲಿನಲ್ಲಿ ಇಂಪ್ಲಾಂಟ್‌ನ ಬೆಲೆ, ಕಂಪನಿ, ಬ್ಯಾಚ್ ನಂಬರ್ ಬೇರೆಯಾಗಿ ಬರೆದಿರಬೇಕು. ಬಿಪಿಎಲ್ ಕಾರ್ಡಿನವರು ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯನ್ನು ವಿಚಾರಿಸಿ, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬಗ್ಗೆ ಮೊದಲೇ ಕೇಳಿಕೊಳ್ಳಿ. ಜಯನಗರದ ಸಂಜಯ್ ಗಾಂಧಿ ಟ್ರಾಮಾ ಮತ್ತು ಆರ್ಥೋಪೆಡಿಕ್ಸ್ ಸಂಸ್ಥೆ ಸರ್ಕಾರದ್ದೇ. ಖಾಸಗಿ ವಿಮೆಯಲ್ಲಿ ಕೀಲು ಬದಲಿಗೆ ಸಾಮಾನ್ಯವಾಗಿ ಎರಡು-ಮೂರು ವರ್ಷದ ಕಾಯುವ ಅವಧಿ ಇರುತ್ತದೆ.

ಸಕ್ಕರೆ ಕಾಯಿಲೆಯವರು ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) 7.5-8ಕ್ಕಿಂತ ಕೆಳಗೆ ತಂದುಕೊಂಡೇ ಹೋಗಿ. ಹುಳುಕು ಹಲ್ಲು, ಉರಿಮೂತ್ರ, ಹಿಮ್ಮಡಿಯ ಆಳದ ಒಡಕು, ಕಾಲ್ಬೆರಳ ಸಂದಿನ ಕೆಸರುಹುಣ್ಣು, ಎಲ್ಲವನ್ನೂ ಮೊದಲು ವಾಸಿ ಮಾಡಿಕೊಳ್ಳಬೇಕು. ಕೀಲಿನ ಸೋಂಕಿಗೆ ಕಾರಣವಾಗುವ ಕ್ರಿಮಿಗಳು ಒಳಗೆ ಬರಲು ಇಷ್ಟು ಸಣ್ಣ ಬಾಗಿಲು ಸಾಕು. ಸಕ್ಕರೆ ಕಾಯಿಲೆಗೆ ಡಾಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆ ತೆಗೆದುಕೊಳ್ಳುವವರು ಮರೆಯದೆ ಹೇಳಿ. ಅದನ್ನು ಮೂರು-ನಾಲ್ಕು ದಿನ ಮುಂಚೆ ನಿಲ್ಲಿಸದಿದ್ದರೆ ಶುಗರ್ ಸರಿ ಇದ್ದರೂ ರಕ್ತ ಆಮ್ಲವಾಗುವ ಅಪಾಯವಿದೆ. ರಕ್ತ ತೆಳು ಮಾಡುವ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಹೃದಯದ ಡಾಕ್ಟರನ್ನು ಕೇಳಿ.

ಆಪರೇಷನ್ ಆದ ದಿನ ಸಂಜೆ ಅಥವಾ ಮರುದಿನವೇ ವಾಕರ್ ಹಿಡಿದು ನಡೆಸುತ್ತಾರೆ. ಲಿಫ್ಟ್ ಇಲ್ಲದ ಎರಡನೇ ಮಹಡಿಯ ಮನೆಯಾದರೂ ಹೆದರಬೇಕಿಲ್ಲ: ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಕಾರಿಗೆ ಮೊದಲು ಹಿಮ್ಮುಖವಾಗಿ ಕೂತು, ಆಮೇಲೆ ಎರಡೂ ಕಾಲು ಒಳಗೆ ತಿರುಗಿಸಿ. ಕಮೋಡಿಗೆ ಎತ್ತರದ ಸೀಟು, ಬಚ್ಚಲಿಗೆ ಹಿಡಿಕೆ, ಮಂಡಿಗಿಂತ ಎತ್ತರದ ಮಂಚ ಮೊದಲೇ ಮಾಡಿಸಿಟ್ಟಿರಿ. ಮನೆಯವರು ಪ್ರೀತಿಯಿಂದ ಮಾಡುವ ದೊಡ್ಡ ತಪ್ಪು ಮಂಡಿ ಕೆಳಗೆ ದಿಂಬು ಇಡುವುದು. ಆರಾಮಾಗುತ್ತದೆ, ಆದರೆ ಕಾಲು ಬಾಗಿದ ಹಾಗೆಯೇ ನಿಂತುಬಿಡುತ್ತದೆ, ಆಮೇಲೆ ಜೀವನಪೂರ್ತಿ ಕುಂಟು. ದಿಂಬು ಹಿಮ್ಮಡಿ ಕೆಳಗೆ ಇಡಿ, ಮಂಡಿ ತಾನಾಗಿ ಕೆಳಕ್ಕೆ ಇಳಿಯಲಿ. ಎರಡು ವಾರಕ್ಕೆ ಕಾಲು ಪೂರ್ತಿ ನೆಟ್ಟಗಾಗಬೇಕು, 90 ಡಿಗ್ರಿ ಬಗ್ಗಬೇಕು. ಊತ ಮೂರರಿಂದ ಆರು ತಿಂಗಳು, ಗಾಯದ ಹೊರಮಗ್ಗುಲಲ್ಲಿ ಜೋಮು, ನಡೆಯುವಾಗ ಟಕ್ ಅನ್ನುವ ಸದ್ದು, ಇವು ಸಹಜ. ಮೀನಖಂಡ ಊದಿ ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು ಸಹಜವಲ್ಲ. ರಕ್ತ ಹೆಪ್ಪುಗಟ್ಟಿರಬಹುದು, ಕಾಯದೆ ಹೋಗಿ.

ಸೋಂಕು ನೂರರಲ್ಲಿ ಒಬ್ಬಿಬ್ಬರಿಗೆ ಆಗುತ್ತದೆ. ವಾರ ಕಳೆದರೂ ಗಾಯ ಜಿನುಗುತ್ತಿದ್ದರೆ ಆಪರೇಷನ್ ಮಾಡಿದವರಲ್ಲಿಗೇ ಹೋಗಿ. ಬೀದಿ ಕ್ಲಿನಿಕ್ಕಿನಲ್ಲಿ ಆಂಟಿಬಯಾಟಿಕ್ ಶುರು ಮಾಡಿಸಬೇಡಿ. ಮಾತ್ರೆ ಬಿದ್ದ ಮೇಲೆ ಕೀಲಿನ ನೀರನ್ನು ಲ್ಯಾಬಿನಲ್ಲಿ ಪರೀಕ್ಷಿಸಿದಾಗ ಕ್ರಿಮಿ ಬೆಳೆಯದೆ ಹೋಗಬಹುದು, ಯಾವ ಔಷಧ ಕೊಡಬೇಕೆಂದು ತಿಳಿಯುವುದಿಲ್ಲ. ಮೊದಲ ಮೂರು-ನಾಲ್ಕು ವಾರದಲ್ಲಿ ಸಿಕ್ಕರೆ ತೊಳೆದು ಪ್ಲಾಸ್ಟಿಕ್ ಮಾತ್ರ ಬದಲಿಸಿ ಉಳಿಸಬಹುದು. ತಡವಾದರೆ ಎಲ್ಲವನ್ನೂ ತೆಗೆದು, ಹೆಚ್ಚಿನವರಿಗೆ ಎರಡು ಹಂತದಲ್ಲಿ ಮತ್ತೆ ಹಾಕಬೇಕು.

ಡಿಸ್ಚಾರ್ಜ್ ದಿನ ಇಂಪ್ಲಾಂಟ್ ಡಬ್ಬಿಯ ಸ್ಟಿಕ್ಕರ್‌ಗಳನ್ನು ಕೇಳಿ ಪಡೆಯಿರಿ. ಒಂದೊಂದು ಭಾಗಕ್ಕೂ ಒಂದೊಂದು ಇರುತ್ತದೆ, ಅದರಲ್ಲಿ ಕಂಪನಿ, ಅಳತೆ, ಲಾಟ್ ನಂಬರ್ ಅಚ್ಚಾಗಿರುತ್ತದೆ. 2010ರಲ್ಲಿ ಎಎಸ್‌ಆರ್ ಎಂಬ, ಲೋಹಕ್ಕೆ ಲೋಹ ಉಜ್ಜುವ ಹಿಪ್ ಅನ್ನು ತಯಾರಕರು ಜಗತ್ತಿನಾದ್ಯಂತ ವಾಪಸ್ ಪಡೆದಾಗ, ತಮ್ಮೊಳಗಿರುವುದು ಅದೇ ಹೌದೋ ಅಲ್ಲವೋ ಎಂದು ರೋಗಿಗಳು ತಿಳಿಯಲು ಇಂಥ ದಾಖಲೆಯೇ ಬೇಕಿತ್ತು. ಹತ್ತು ವರ್ಷದ ಮೇಲೆ ಪ್ಲಾಸ್ಟಿಕ್ ಮಾತ್ರ ಬದಲಿಸಬೇಕಾಗಿ ಬಂದರೂ ಸರ್ಜನ್ ಮೊದಲು ಕೇಳುವುದು ಆ ನಂಬರನ್ನೇ. ಫೋಟೋ ತೆಗೆದು ಮಕ್ಕಳ ಫೋನಿಗೂ ಕಳಿಸಿಡಿ. ಆ ಸ್ಟಿಕ್ಕರಿನ ಶಾಯಿ ಮಾಸುತ್ತದೆ.